ನೈಜೀರಿಯಾದ ವಾರ್ತಾವಾಚಕರು

ಸಂಜೆ ದೋಹಾದ ಹಳೆಯ ಪೇಟೆ ಸೂಕ್ ವಾಕಿಫ್‌ನ ಚಹಾದಂಗಡಿಯಲ್ಲಿ ಕೂತಿದ್ದೇವೆ. ನನ್ನನ್ನು ಇಲ್ಲಿಗೆ ಕರೆತಂದವನು ಪುತ್ತೂರಿನ ಗೆಳೆಯ ಹಮೀದ್. ಅವನ ಆಫೀಸಿನ ಸಹೋದ್ಯೋಗಿಯೊಬ್ಬ ನೈಜೀರಿಯಾದವನು. ಮಗನನ್ನು ನೋಡಲು ದೋಹಾಕ್ಕೆ ಬಂದಿರುವ ಆತನ ತಂದೆಯೂ ನಮ್ಮ ಜೊತೆಗಿದ್ದಾರೆ.

"ಇವರು ಅಲ್ಲಿ ರೇಡಿಯೋದಲ್ಲಿ ವಾರ್ತೆ ಓದುತ್ತಿದ್ದವರು ಮಾರಾಯ. ಸ್ವರ ಕೇಳು ನೀನು," ಎಂದ ಹಮೀದ್. ಹಿರಿಯರು ಇಂಗ್ಲಿಷಿನಲ್ಲಿ ನಮಸ್ಕಾರ ಹೇಳಿದ್ದಷ್ಟೇ, ಪಕ್ಕದ ಮೇಜಿನವರೂ ತಿರುಗಿ ನೋಡಿದರು.

ಸೇನಾ ಆಡಳಿತವಿದ್ದಾಗ ಬಂದೂಕಿನವರು ತಂದುಕೊಟ್ಟ ಹೇಳಿಕೆಗಳನ್ನೆಲ್ಲ ಇವರೇ ಓದಬೇಕಾಗಿತ್ತಂತೆ. ಬರಬರುತ್ತಾ ಊರಿಗೇ ಆ ದನಿಯೆಂದರೆ ದಿಗಿಲು. ಸಂತೆಯಲ್ಲಿ ಟೊಮೆಟೊ ಬೆಲೆ ಕೇಳಿದರೂ ಮಾರುವ ಹೆಂಗಸು, "ಅಯ್ಯೋ, ಇವತ್ತು ಏನಾಯಿತು?" ಎಂದು ಗಾಬರಿಯಾಗುತ್ತಿದ್ದಳಂತೆ.

ಕೊನೆಗೊಮ್ಮೆ ಚುನಾವಣೆ ನಡೆಯಿತು. ಸೇನೆಯವರು ಅಧಿಕಾರ ಬಿಟ್ಟುಕೊಟ್ಟ ದಿನದ ವಾರ್ತೆಯೂ ಇವರ ಪಾಲಿಗೇ ಬಂತು. "ಎಂಥೆಂಥ ಕೆಟ್ಟ ಸುದ್ದಿಯನ್ನೂ ತಡವರಿಸದೆ ಓದಿದವನು ನಾನು. ಅವತ್ತು ಮೊದಲ ವಾಕ್ಯದಲ್ಲೇ ತಡವರಿಸಿದೆ," ಎಂದರು. ಮರುದಿನ ಅದೇ ಹೆಂಗಸು ಇವರ ಚೀಲಕ್ಕೆ ತಾನೇ ಟೊಮೆಟೊ ತುಂಬುತ್ತಾ, "ಇನ್ನು ಗಟ್ಟಿಯಾಗಿ ಮಾತಾಡಿ, ಎಲ್ಲರೂ ಕೇಳಲಿ," ಎಂದಳಂತೆ.

ಹಮೀದನಿಗೆ ತಡೆಯಲಾಗಲಿಲ್ಲ. "ಸರ್, ಆ ವಾರ್ತೆಯನ್ನು ನಮಗೋಸ್ಕರ ಇನ್ನೊಮ್ಮೆ ಓದಿ."

ಹಿರಿಯರು ನಗುತ್ತಾ ಬೇಡವೆಂದು ತಲೆಯಾಡಿಸಿದರು. "ನಾನು ಅದನ್ನು ಇನ್ನೊಮ್ಮೆ ಓದಬೇಕಾದರೆ ಸೈನ್ಯ ಇನ್ನೊಮ್ಮೆ ಬಂದು ಹೋಗಬೇಕಲ್ಲಪ್ಪ. ಒಂದು ಸಲ ಓದಿದ್ದು ಸಾಕು," ಎಂದವರೇ ಎಲ್ಲರಿಗೂ ಮತ್ತೆ ಚಹಾ ಹೇಳಿದರು.