ಅಣ್ಣನ ತಂತಿ ಹರಿಯುತ್ತಿದ್ದ ಜಾಗ

ಮ್ಯಾಂಡೊಲಿನ್ನಿನ ಕುದುರೆ ಒಡೆದದ್ದು ನನ್ನ ಕೈಯಿಂದ ಎಂದು ನಾನು ಅಣ್ಣನಿಗೆ ಹೇಳಲಿಲ್ಲ. ಹೇಳಲು ಒಂದು ನಿಮಿಷ ಸಾಕಿತ್ತು. ಐದು ತಿಂಗಳು ಸುಮ್ಮನಿದ್ದೆ.

ಎರಡನೇ ಮಹಾಯುದ್ಧದ ಕಾಲ. ನಮ್ಮ ಮನೆ ಮಳವಳ್ಳಿಯಲ್ಲಿ. ಅಣ್ಣನಿಗೆ ಮಂಡ್ಯದಲ್ಲಿ ಗಾಡಿಗಳಿಂದ ಕಬ್ಬಿನ ಹೊರೆ ಇಳಿಸುವ ಕೆಲಸ. ಶನಿವಾರ ಸಂಜೆ ಮನೆಗೆ ಬಂದವನು ಕೈಕಾಲು ತೊಳೆದು ಮೊದಲು ಗೂಟದಲ್ಲಿದ್ದ ಮ್ಯಾಂಡೊಲಿನ್ ಇಳಿಸುತ್ತಿದ್ದ. ಎಂಟು ತಂತಿ, ಎರಡೆರಡರ ಜೋಡಿ. ಮದುವೆಮನೆಗಳಲ್ಲಿ ನುಡಿಸುವ ಒಂದು ಮೇಳದಲ್ಲಿ ಅವನಿಗೂ ಜಾಗವಿತ್ತು. ಅವನನ್ನು ಜನ ‘ಬನ್ನಿ’ ಎಂದು ಕರೆದು ಜಮಖಾನದ ಮೇಲೆ ಕೂರಿಸುತ್ತಿದ್ದದ್ದು ಅಲ್ಲಿ ಮಾತ್ರ.

ಅವನಿಲ್ಲದ ದಿನಗಳಲ್ಲಿ ತಂತಿಗಳನ್ನು ಒರೆಸಿ, ಸ್ವಲ್ಪ ಸಡಿಲಿಸಿ ಇಡುವುದು ನನ್ನ ಪಾಲಿನ ಕೆಲಸ. ಎರಡನೇ ತರಗತಿಗೆ ಶಾಲೆ ಬಿಟ್ಟು ರೇಷ್ಮೆ ನೂಲು ಬಿಚ್ಚುವ ಮನೆಗೆ ಕೂಲಿಗೆ ಹೋಗುತ್ತಿದ್ದ ನನ್ನ ಬೆರಳುಗಳ ಮೇಲೆ ಅವನಿಗೆ ನಂಬಿಕೆ. ಒಂದು ದಿನ ಆತುರದಲ್ಲಿ ಎಲ್ಲ ತಂತಿಗಳನ್ನೂ ಪೂರ್ತಿ ಸಡಿಲಿಸಿಬಿಟ್ಟೆ. ತಂತಿಗಳ ಬಿಗಿತದಿಂದಲೇ ನಿಲ್ಲುವ ಸಣ್ಣ ಮರದ ಪಟ್ಟಿ, ಅದನ್ನೇ ಕುದುರೆ ಎನ್ನುವುದು, ಜಾರಿ ಒರಳಿನ ಮೇಲೆ ಬಿದ್ದು ಒಂದು ತುದಿಯಲ್ಲಿ ಚಕ್ಕೆ ಎದ್ದಿತು. ಎಲ್ಲಕ್ಕಿಂತ ತೆಳುವಾದ ಜೋಡಿ ತಂತಿ ಕೂರುವ ಎರಡು ಗೀರು ಹಾಳಾದವು. ನಾನು ಈಳಿಗೆಮಣೆಯ ಮೊನೆಯಿಂದ ಹೊಸ ಗೀರು ಕೊರೆದು, ಕುದುರೆಯನ್ನು ಹಳೆಯ ಗುರುತಿಗೇ ನಿಲ್ಲಿಸಿ, ಏನೂ ಆಗದವಳಂತೆ ಗೂಟಕ್ಕೆ ಹಾಕಿದೆ.

ಆ ಶನಿವಾರದಿಂದ ತೆಳು ತಂತಿಗಳು ಹರಿಯತೊಡಗಿದವು. ಹೊಸ ತಂತಿ ಸಿಗುವುದೇ ಕಷ್ಟ. ಮೈಸೂರಿಗೆ ಹೋಗುವವರಿಗೆ ಹೇಳಿ ವಾರಗಟ್ಟಲೆ ಕಾಯಬೇಕು. ಅಣ್ಣ ತನ್ನ ಅಂಗೈ ತಿರುಗಿಸಿ ನೋಡಿಕೊಂಡ.

“ಕಬ್ಬಿನ್ ಒರೆ ಎತ್ತಿ ಎತ್ತಿ ಕೈ ಒರಟಾಗೋಗದೆ ಕಣಮ್ಮಿ. ತಂತಿ ತಡೀತಾ ಇಲ್ಲ.”

ಅಂದಿನಿಂದ ಬೆರಳುಗಳಿಗೆ ಹರಳೆಣ್ಣೆ ತಿಕ್ಕತೊಡಗಿದ. “ಮದ್ವೆ ಗಂಡ್ನಂಗೆ ಎಣ್ಣೆ ಅಚ್ಕಂಡು ಕುಂತವ್ನೆ ನೋಡು!” ಎಂದು ಅವ್ವ ನಕ್ಕಳು. ನಾನೂ ನಕ್ಕೆ. ಆ ನಗು ನೆನೆದರೆ ಈಗಲೂ ತಲೆ ತಗ್ಗುತ್ತದೆ.

ಎರಡು ಮದುವೆಗಳಲ್ಲಿ ಹಾಡಿನ ನಡುವೆಯೇ ತಂತಿ ಹರಿಯಿತು. ಮೇಳ ನಡೆಸುತ್ತಿದ್ದ ಹಾರ್ಮೋನಿಯಂ ಮೇಷ್ಟ್ರು ಮನೆಗೇ ಬಂದರು. “ನೋಡಪ್ಪ, ಮದ್ದೂರಿನ ಮದ್ವೇಲೂ ಇಂಗೇ ಆದ್ರೆ ನಾನು ಬೇರೆಯವರನ್ನ ಕರೀಬೇಕಾಯ್ತದೆ. ಬೇಜಾರ್ ಮಾಡ್ಕಬೇಡ.” ಅಣ್ಣ ತಲೆಯಾಡಿಸಿದ. ನಾನು ಒಲೆಯ ಪಕ್ಕದಲ್ಲಿ ಕೇಳಿಸಿಕೊಂಡು ಸೌದೆ ಒಳಕ್ಕೆ ತಳ್ಳಿದೆ.

ಅದೇ ವಾರ ಕೆಲಸದಲ್ಲಿ ನನ್ನ ಎಳೆ ಮೇಲಿಂದ ಮೇಲೆ ಕಡಿಯುತ್ತಿತ್ತು. ಬಿಸಿನೀರಿನ ಗೂಡುಗಳಿಂದ ಎದ್ದ ರೇಷ್ಮೆ ಎಳೆ ಒಂದು ಸಣ್ಣ ಪಿಂಗಾಣಿ ಕಣ್ಣಿನ ಮೂಲಕ ದಾಟಿ ರಾಟೆಗೆ ಸುತ್ತಿಕೊಳ್ಳುತ್ತದೆ. ನಾನು ಗೂಡುಗಳನ್ನು ಶಪಿಸುತ್ತಿದ್ದೆ. ಪಕ್ಕದಲ್ಲಿದ್ದ ಹಳಬಳು ಗದರಿದಳು: “ಗೂಡ್ನ ಯಾಕೆ ಬಯ್ತೀಯೇ? ಒಂದೇ ತಾವು ಕಡೀತದೆ ಅಂದ್ರೆ ಕಣ್ಣು ಕೊರ್ಕಂಡದೆ ಅಂತ. ಇಷ್ಟು ವರ್ಸ ಏನ್ ಕಲ್ತೆ?”

ಮನೆಗೆ ಬಂದು, ಅಣ್ಣ ಎತ್ತಿಟ್ಟಿದ್ದ ಹರಿದ ತಂತಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದೆ. ಬುಡದಿಂದ ಹರಿದ ಜಾಗದವರೆಗೆ ಎಲ್ಲವೂ ಒಂದೇ ಉದ್ದ. ನಾನು ಕೊರೆದ ಗೀರಿನ ಮೇಲೆಯೇ ಹರಿದಿದ್ದವು.

ಮಾರನೆಯ ದಿನ ಕೂಲಿಗೆ ಹೋಗಲಿಲ್ಲ. ಕುದುರೆ ತೆಗೆದು, ಹುರಿ ಮಾಡಿದ ರೇಷ್ಮೆ ದಾರಕ್ಕೆ ಎಣ್ಣೆ ಮತ್ತು ಜರಡಿ ಹಿಡಿದ ಬೂದಿ ಸವರಿ, ಗೀರಿನ ಒರಟು ಹೋಗಲೆಂದು ಅದರಲ್ಲಿ ಹಿಂದೆ ಮುಂದೆ ಎಳೆದೆ. ಬೆರಳು ಕೆಂಪಾದವು. ಆಮೇಲೆ ಗೂಡಿನಿಂದ ಬಿಡಿಸಿದ ಒಂಟಿ ಎಳೆಯನ್ನು ಗೀರಿನ ಮೇಲೆ ಎಳೆದು ನೋಡಿದೆ. ಸಿಕ್ಕಿ ಕಡಿಯಿತು. ಮತ್ತೆ ಉಜ್ಜಿದೆ. ಹೊತ್ತು ಇಳಿಯುವಾಗ, ಕಣ್ಣಿಗೂ ಸರಿಯಾಗಿ ಕಾಣದ ಆ ಎಳೆ ಎಲ್ಲೂ ತಡೆಯದೆ ಆಚೆ ಜಾರಿ ಬಂತು. ಎದುರುಮನೆಯ ಗುಮಾಸ್ತರಲ್ಲಿ ಬೇಡಿ ತಂದ ಸೀಸದ ಕಡ್ಡಿಯನ್ನು, ತಂತಿ ನುಣುಪಾಗಿ ಜಾರಲೆಂದು ಗೀರುಗಳಿಗೆ ತಿಕ್ಕಿ, ಒಂದೊಂದೇ ತಂತಿಯನ್ನು ಮೆಲ್ಲಗೆ ಬಿಗಿದೆ. ಆಗಲೂ ಯಾರಿಗೂ ಹೇಳಲಿಲ್ಲ.

ಮದ್ದೂರಿನ ಚಪ್ಪರದಡಿ ಮಧ್ಯಾಹ್ನದ ಪಂಕ್ತಿ ನಡೆದಿತ್ತು. ನಾನು ಹೆಂಗಸರ ಸಾಲಿನಲ್ಲಿ ಕೂತಿದ್ದೆ. ಒಂದು ಹಾಡು, ಎರಡು, ಐದು. ಅವನ ಕೈ ತೆಳು ಜೋಡಿಗೆ ಬಂದಾಗಲೆಲ್ಲ ನನ್ನ ತುತ್ತು ಎಲೆಯ ಮೇಲೇ ನಿಲ್ಲುತ್ತಿತ್ತು. ಕೊನೆಯ ಹಾಡಿನಲ್ಲಿ ಮೇಷ್ಟ್ರು ಬೇಕೆಂದೇ ವೇಗ ಹೆಚ್ಚಿಸಿದರು. ಅಣ್ಣ ಬಿಡಲಿಲ್ಲ, ಅವರನ್ನೂ ದಾಟಿ ಓಡಿದ. ಉಣ್ಣುತ್ತಿದ್ದವರು ಎಂಜಲು ಕೈಯಲ್ಲೇ ಎದ್ದು ಬಂದು ನಿಂತರು. ಎಂಟರಲ್ಲಿ ಒಂದು ತಂತಿಯೂ ಹರಿಯಲಿಲ್ಲ!

“ಏನ್ಲಾ, ನನ್ ಪೆಟ್ಗೆಗೇ ಬೆವ್ರು ಇಳಿಸ್ಬುಟ್ಟಲ್ಲ!” ಮೇಷ್ಟ್ರು ಹಾರ್ಮೋನಿಯಂ ಬದಿಗೆ ಸರಿಸಿ ಎಲ್ಲರೆದುರು ಅವನ ಬೆನ್ನು ತಟ್ಟಿದರು. “ಇನ್ಮೇಲೆ ನನ್ ಪಕ್ಕದಲ್ಲೇ ಕುಂತ್ಕೊ.” ಆ ಚಪ್ಪರದಲ್ಲಿ ನನ್ನಷ್ಟು ಗೆದ್ದವರು ಯಾರೂ ಇರಲಿಲ್ಲ.

ಪೆಟ್ರೋಲ್ ಸಿಗದ ಆ ಕಾಲದ ಇದ್ದಿಲ ಗ್ಯಾಸಿನ ಬಸ್ಸಿನಲ್ಲಿ ಮೇಳವೆಲ್ಲ ಒಟ್ಟಿಗೆ ವಾಪಸು ಹೊರಟೆವು. ಅಣ್ಣನ ಮುಖ ಹೊಳೆಯುತ್ತಿತ್ತು.

“ಎಲ್ಲಾ ಅರಳೆಣ್ಣೆ ಕಣಮ್ಮಿ. ಕೈ ಈಗ ಸರಿಯಾಯ್ತು.”

“ನಂಗೂ ಒಸಿ ಕೊಡಣ್ಣ, ನನ್ ತಬ್ಲನೂ ಬಾಳ್ಲಿ” ಎಂದ ಮುಂದಿನ ಸೀಟಿನ ತಬಲದವನು. ಎಲ್ಲರೂ ನಕ್ಕರು. ಅಣ್ಣನೂ ನಕ್ಕ. ನಗುತ್ತಲೇ ಮತ್ತೆ ಅಂಗೈ ತಿರುಗಿಸಿ ನೋಡಿಕೊಂಡ, ಕಾಯಿಲೆ ಬಿದ್ದು ಎದ್ದ ಕೂಸನ್ನು ನೋಡುವಂತೆ. ನನಗೆ ತಡೆಯಲಾಗಲಿಲ್ಲ.

“ಎಣ್ಣೆ ಅಲ್ಲ ಅಣ್ಣಯ್ಯ” ಎಂದೆ.

ಬಸ್ಸಿನ ಸದ್ದಿಗೆ ಅವನಿಗೆ ಕೇಳಿಸಲಿಲ್ಲ. “ಆಂ? ಏನಮ್ಮಿ?”

ಮೇಳವೆಲ್ಲ ಕೇಳುವಂತೆ ಕೂಗಿಯೇ ಹೇಳಿದೆ: “ನಿನ್ ಕೈಗೆ ಏನೂ ಆಗಿರ್ಲಿಲ್ಲ. ಕುದ್ರೆ ಬೀಳ್ಸಿ ಒಡ್ದೋಳು ನಾನು. ನಾನ್ ಕೊರ್ದ ಗೀರು ನಿನ್ ತಂತೀನ ತಿಂತಿತ್ತು. ನೀನು ಕೈನೇ ಬಯ್ಕೋತಿದ್ರೂ ನಾನು ಬಾಯಿ ಬುಡ್ಲಿಲ್ಲ. ತಪ್ಪಾಯ್ತು ಅಣ್ಣಯ್ಯ, ನಂದು ತಪ್ಪಾಯ್ತು.”