ಹಾಲ್ವರ್‌ನ ಆಲ್ಬಮ್ಮಿನಲ್ಲಿ ಕಾಡ್ ಮೀನಿನ ತಲೆಗಳು

ಓಸ್ಲೋದಿಂದ ಬಹುದೂರ, ಉತ್ತರದ ಲೊಫೋಟೆನ್ನಿನ ಈ ದ್ವೀಪಕ್ಕೆ ನಾನು ಕೆಲಸಕ್ಕೆ ಬಂದ ಮೊದಲ ಭಾನುವಾರ, ಜೊತೆಗೆಲಸದ ಹಾಲ್ವರ್‌ನ ದಡದ ದೋಣಿಮನೆಯಿಂದ ಚೀತ್ಕಾರ ಕೇಳಿಸಿತು. ಕೊಲೆ ಇರಬೇಕೆಂದುಕೊಂಡೆ. ಆದರೆ ಯಾವ ಕೊಲೆಯೂ ನಲವತ್ತು ನಿಮಿಷ ನಡೆಯುವುದಿಲ್ಲವಲ್ಲ! ಹಾಗಾದರೆ ಹಲ್ಲುನೋವೇ ಎಂದು ತೀರ್ಮಾನಿಸಿ, ಮರುದಿನ ಕೆಲಸದಲ್ಲಿ ಅವನ ಕೈಗೆ ಮಾತ್ರೆ ಇಟ್ಟು, "ಆ ದವಡೆ ಹಲ್ಲು ಕೀಳಿಸಿಬಿಡು ಮಾರಾಯ" ಎಂದೆ. ಅವನು ಎರಡು ಮಾತ್ರೆ ನುಂಗಿ, ಒಡೆದ ಗಂಟಲಲ್ಲಿ ಹೇಳಿದ: "ಹಲ್ಲು ಸರಿಯಾಗಿದೆ. ಅದು ಹಾಡು."

ಪಕ್ಕದಲ್ಲಿದ್ದ ಗುನ್ವೋರ್ ಅಕ್ಕ ನಗು ತಡೆಯಲಾರದೆ ಮೀನಿನ ತೊಟ್ಟಿ ಹಿಡಿದುಕೊಂಡಳು. "ಬಿಡಪ್ಪ, ಮೊದಲ ಸಲ ಕೇಳಿದಾಗ ನಾನು ಪ್ರಾಣಿ ಡಾಕ್ಟರಿಗೆ ಫೋನ್ ಮಾಡಿದ್ದೆ!"

ಹಾಲ್ವರ್‌ನದು ಬ್ಲ್ಯಾಕ್ ಮೆಟಲ್ ಎಂಬ ಕರಾಳ ರಾಕ್ ಸಂಗೀತ. ಡ್ರಮ್ಮು, ಗಿಟಾರು, ಅರಚಾಟ ಎಲ್ಲವೂ ಅವನೊಬ್ಬನದೇ. ಹೊಟ್ಟೆಪಾಡಿಗೆ ನಮ್ಮ ಮೂವರದೂ ಒಂದೇ ಕೆಲಸ: ಕಾಡ್ ಮೀನಿನ ತಲೆಗಳಿಗೆ ಕಬ್ಬಿಣದ ಮೊಳೆ ಚುಚ್ಚಿ ದಾರ ಪೋಣಿಸುವುದು. ಲೋಳೆ ತೋಳಿನವರೆಗೆ ಹರಿಯುತ್ತದೆ, ಸೋಪು ಸೋಲುತ್ತದೆ. ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಯಾವಾಗಲೂ ಖಾಲಿ. ಅದೇ ಕೈಯಲ್ಲಿ ಕಂದು ಚೀಸಿನ ಬ್ರೆಡ್ಡು ತಿನ್ನುವಾಗ, ಇಷ್ಟು ಹೇಸಿಗೆಯ ನಡುವೆಯೂ ಹಸಿವಾಗುವ ನನ್ನ ಹೊಟ್ಟೆಯ ಮೇಲೇ ನನಗೆ ಜಿಗುಪ್ಸೆ.

ಪೋಣಿಸಿದ ತಲೆಗಳನ್ನು ಸಮುದ್ರದಂಡೆಯ ಮರದ ಚಪ್ಪರಗಳಿಗೆ ತೂಗುಹಾಕುತ್ತೇವೆ. ಒಣಗಿದ ಮೇಲೆ ಗಾಳಿಗೆ ಒಂದಕ್ಕೊಂದು ಬಡಿದುಕೊಂಡು ಕಟಕಟ ಎನ್ನುತ್ತವೆ, ಸಾವಿರಾರು ಬಾಯಿಗಳು ಒಟ್ಟಿಗೆ ಹಲ್ಲು ಕಡಿದಂತೆ. ಹಾಲ್ವರ್ ನಾಲ್ಕು ವರ್ಷ ಅವುಗಳ ಕೆಳಗೆ ಮೈಕು ಹಿಡಿದು ಕೂತಿದ್ದ. ಆಲ್ಬಮ್ಮಿನ ತುಂಬ ಅದೇ ಸದ್ದು, ಅದರ ಮೇಲೆ ಅವನ ಗಿಟಾರು ಮಂಜಿನ ಹಾಗೆ. ನನಗೆ ಸಂಗೀತ ತಿಳಿಯದು, ಆದರೆ ಕೇಳುವಾಗ ರೋಮ ನಿಮಿರಿತ್ತು.

ಏಪ್ರಿಲ್ ಕೊನೆಯಲ್ಲಿ ಓಸ್ಲೋದ ಆಲ್ಬಮ್ ಕಂಪನಿಯ ಹೆನ್ನಿಂಗ್ ಬಂದ. ಅವನು ಒಪ್ಪಿದರೆ ಆಲ್ಬಮ್ ಹೊರಬರುತ್ತದೆ, ಇಲ್ಲದಿದ್ದರೆ ದೋಣಿಮನೆಯಲ್ಲೇ ಉಳಿಯುತ್ತದೆ. ಆಲ್ಬಮ್ಮಿನ ಕ್ಯಾಸೆಟ್ ಕೇಳಿಸಿ, ಅದನ್ನು ಅವನ ಕೈಗಿಟ್ಟು ಹಾಲ್ವರ್ ಕಾಫಿ ತರಲು ಒಳಗೆ ಹೋದಾಗ ಹೆನ್ನಿಂಗ್ ನನ್ನನ್ನು ಕೇಳಿದ: "ಆ ಕಟಕಟ ಏನದು? ಮೈ ಜುಂ ಅನ್ನುತ್ತೆ."

ಹಾಲ್ವರ್‌ಗೆ ಉಪಕಾರ ಮಾಡುವ ಹುಮ್ಮಸ್ಸು ನನಗೆ; ಮೀನಿನ ತಲೆ ಎಂದರೆ ಗತ್ತೆಲ್ಲಿ? "ತೋಳದ ಮೂಳೆ," ಎಂದೆ. "ಅವನ ಅಜ್ಜನ ಕಾಲದ್ದು. ಗಾಳಿಗೆ ಬಡಿದಾಡಲಿ ಅಂತ ಹಾಲ್ವರ್ ಬೆಟ್ಟದ ಮೇಲೆ ಕಟ್ಟಿದ್ದಾನೆ."

ಹೆನ್ನಿಂಗನ ಕಣ್ಣರಳಿತು. ಹಾಲ್ವರ್ ಬರುತ್ತಿದ್ದಂತೆಯೇ, "ತೋಳದ ಮೂಳೆ ಅಂತ ಕವರಿನ ಮೇಲೇ ಹಾಕೋಣ! ಎಲ್ಲ ಬ್ಲ್ಯಾಕ್ ಮೆಟಲ್‌ನವರ ಹಾಗೆ ಮುಖಕ್ಕೆ ಬಿಳಿ ಬಣ್ಣ ಬಳಿದು, ಮೂಳೆ ಹಿಡಿದು ಒಂದು ಫೋಟೋ," ಎಂದ.

ಹಾಲ್ವರ್ ನನ್ನತ್ತ ನೋಡಿದ. ನಾನು ಕಾಫಿಯೊಳಗೆ ನೋಡಿದೆ.

"ತೋಳ ಎಲ್ಲಿಂದ ಬರಬೇಕು ಇಲ್ಲಿಗೆ?" ಎಂದು ಹಾಲ್ವರ್ ಅವನನ್ನು ಚಪ್ಪರದ ಕೆಳಗೆ ಕರೆದೊಯ್ದ. "ಇವು ಮೀನಿನ ತಲೆ. ನೈಜೀರಿಯಾಕ್ಕೆ ಹೋಗುತ್ತೆ, ಅಲ್ಲಿ ಸಾರು ಮಾಡ್ತಾರೆ."

ಹೆನ್ನಿಂಗ್ ಮೂಗಿಗೆ ಮಫ್ಲರ್ ಒತ್ತಿಕೊಂಡು ಕೆಮ್ಮಿದ, ಆಮೇಲೆ ಬಂಡೆಯ ಹಿಂದೆ ಹೋಗಿ ವಾಂತಿ ಮಾಡಿ ಬಂದ. "ಸಾರಿನ ಕಥೆಗೆ ಯಾರು ದುಡ್ಡು ಕೊಡ್ತಾರೆ ಹಾಲ್ವರ್? ತೋಳ ಅಂತಲೇ ಇರಲಿ. ಯಾರಿಗೆ ಗೊತ್ತಾಗುತ್ತೆ?"

"ನಂಗೆ ಗೊತ್ತಾಗುತ್ತೆ," ಎಂದು ಹಾಲ್ವರ್ ಅವನ ಕೈಯಲ್ಲಿದ್ದ ಕ್ಯಾಸೆಟ್ಟನ್ನು ಮೆಲ್ಲಗೆ ಬಿಡಿಸಿಕೊಂಡ. ಹೆನ್ನಿಂಗ್ ಮೂರು ಗಂಟೆಯ ದೋಣಿಗೆ ಹೊರಟುಹೋದ.

ಮರುದಿನ ಬೆಳಗ್ಗೆ ಮತ್ತೆ ಅದೇ ತೊಟ್ಟಿ, ಅದೇ ಲೋಳೆ. ಹಾಲ್ವರ್ ನನಗೆ ಬೆನ್ನು ಹಾಕಿ ಚುಚ್ಚುತ್ತಿದ್ದ. ಗುನ್ವೋರ್ ಅಕ್ಕ ನನ್ನ ಕಾಲು ತುಳಿದು, "ಬಾಯಿಬಿಟ್ಟು ಕೇಳೋ ಕತ್ತೆ," ಎಂದು ಪಿಸುಗುಟ್ಟಿದಳು.

ಕೇಳಿದೆ. "ನನ್ನ ಮೇಲೆ ಸಿಟ್ಟಾ?"

ಅವನು ಇನ್ನೊಂದು ತಲೆ ಎತ್ತಿಕೊಂಡ.

"ಸಿಟ್ಟಿಲ್ಲ. ಅಸಹ್ಯ."