ಕಡಿದ ಉಸಿರಿಗೆ ಒಂದು ಪಾಯಿಂಟ್

ಜ್ವರ ನನ್ನ ಮೈಗೆ ಬರುವ ನಾಲ್ಕು ದಿನ ಮೊದಲೇ ರೋಗ ನನ್ನ ಕಿವಿಗೆ ಬಿದ್ದಿತ್ತು. ನಾನು ಅದಕ್ಕೆ ಒಂದು ಪಾಯಿಂಟ್ ಕೊಟ್ಟು ಸುಮ್ಮನಾದೆ.

ನಾನು ಮಂಕಿ ಎಂಬ ಊರಿನವನು. ಹೈಸ್ಕೂಲಿನಲ್ಲಿ ಪಿ.ಇ. ಮಾಸ್ತರ. ಇಪ್ಪತ್ತೆಂಟು ವರ್ಷದಿಂದ ಕಬಡ್ಡಿ ಅಂಪೈರ್. ಭಟ್ಕಳದಿಂದ ಕುಮಟೆಯವರೆಗೆ ನನ್ನ ಸೀಟಿ ಕೇಳದ ಅಂಗಳ ಕಡಿಮೆ, ನನ್ನನ್ನು ಬೈಯದ ಆಟಗಾರ ಇನ್ನೂ ಕಡಿಮೆ. ಒಂದು ಜಂಬ ಮಾತ್ರ ನನಗಿತ್ತು, ಕಿವಿಯದ್ದು. ಎದುರಾಳಿಯ ಅಂಕಣಕ್ಕೆ ನುಗ್ಗಿದ ರೈಡರ್ ವಾಪಸ್ ಬರುವವರೆಗೆ ಒಂದೇ ಉಸಿರಿನಲ್ಲಿ ಕಬಡ್ಡಿ ಕಬಡ್ಡಿ ಎನ್ನುತ್ತಿರಬೇಕು. ನಡುವೆ ಉಸಿರು ಕಡಿದರೆ ಔಟ್, ಎದುರಿನವರಿಗೆ ಪಾಯಿಂಟ್. ಸಾವಿರ ಜನ ಬೊಬ್ಬೆ ಹೊಡೆಯುತ್ತಿದ್ದರೂ ಆ ಕಡಿದ ಜಾಗ ನನಗೆ ಕೇಳುತ್ತಿತ್ತು. ಸರಿಯಾಗಿ ಕೇಳದಿದ್ದಾಗ ಕೇಳಿದವನಂತೆ ಸೀಟಿ ಊದಿದ್ದೂ ಉಂಟು. ಅದನ್ನೂ ಈಗಲೇ ಹೇಳಿಬಿಡುತ್ತೇನೆ.

ನಮ್ಮ ಕರಾವಳಿಯಲ್ಲಿ ಸಂಬಳ ಕೊಟ್ಟು ಆಟಗಾರರನ್ನು ಆಡಿಸುವ ಒಂದು ಲೀಗ್ ಇದೆ. ಹಿಂದಿನ ವರ್ಷದ ಸೀಸನ್ನನ್ನು ಕೊರೊನಾ ನುಂಗಿತ್ತು. ಈ ವರ್ಷವೂ ಇಲ್ಲ ಎಂದರೆ ಅರ್ಧ ಆಟಗಾರರು ಕಬಡ್ಡಿಯನ್ನೇ ಬಿಡುವವರಿದ್ದರು. ಕಡೆಗೆ ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಲೆಕ್ಕದಲ್ಲಿ ಕುಮಟೆಯ ಒಂದು ಹಾಲ್, ಪಕ್ಕದಲ್ಲಿ ಒಂದು ಲಾಡ್ಜ್, ಇಪ್ಪತ್ತು ದಿನ ಎಂದಾಯಿತು. ಪ್ರೇಕ್ಷಕರಿಲ್ಲ. ಒಳಗಿದ್ದವರು ಹೊರಗೆ ಹೋಗುವಂತಿಲ್ಲ. ನಾಲ್ಕು ದಿನಕ್ಕೊಮ್ಮೆ ಟೆಸ್ಟ್. ಅಂಪೈರುಗಳಿಗೆ ಮಾಸ್ಕ್, ಬಾಯಲ್ಲಿ ಊದುವ ಸೀಟಿಯ ಬದಲು ಹೆಬ್ಬೆರಳಿನಿಂದ ಒತ್ತುವ ಕರೆಂಟ್ ಸೀಟಿ. ಆಟಗಾರರು ಕೈ ಕುಲುಕಬಾರದು. ಆದರೆ ಏಳು ಜನ ಸೇರಿ ಒಬ್ಬನ ಮೇಲೆ ಬೀಳಬಹುದು. ಈ ನಿಯಮ ಓದಿ ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಹೊರಡುವ ದಿನ ಹೆಂಡತಿ ಶಾರದೆ ನನ್ನ ಬ್ಯಾಗಿಗೆ ಬಟ್ಟೆ ತುಂಬುತ್ತ ಕೇಳಿದಳು, "ಬಬಲ್ ಬಬಲ್ ಹೇಳ್ತ್ರಿ, ಎಂತ ಅದು?"

"ಗುಳ್ಳೆ. ಒಳಗಿದ್ದವರಿಗೆ ಹೊರಗಿನ ರೋಗ ಬರುದಿಲ್ಲ."

"ಸಾಬೂನಿನ ಗುಳ್ಳೆ ಎಷ್ಟೊತ್ತು ಇರ್ತದೆ ಹೇಳಿ ನಂಗೆ ಗೊತ್ತಿದ್ದು," ಎಂದಳು.

ಹಾಲಿನ ಬಾಗಿಲಲ್ಲಿ ಲೀಗ್‌ನ ಡಾಕ್ಟರ್ ಮೇಜು ಹಾಕಿಕೊಂಡು ಕೂತಿದ್ದರು. ಚಿಕ್ಕ ವಯಸ್ಸಿನ ಹೆಣ್ಣುಮಗಳು. ಮೊದಲ ದಿನವೇ ಎಲ್ಲರನ್ನೂ ನಿಲ್ಲಿಸಿ ಹೇಳಿದ್ದರು: "ಯಾರ ಬಗ್ಗೆ ಏನೇ ಅನುಮಾನ ಬಂದರೂ ನನಗೆ ಹೇಳಿ. ತಪ್ಪಾದರೂ ಪರವಾಗಿಲ್ಲ."

ಹದಿಮೂರನೆಯ ದಿನದ ಮ್ಯಾಚ್. ಬೆಳಕೆ ಊರಿನ ನಾಗೇಂದ್ರ ರೈಡಿಗೆ ಹೋದ. ಇಪ್ಪತ್ತನಾಲ್ಕು ವರ್ಷ, ಸೀಸನ್ ಇಲ್ಲದಾಗ ಬೋಟಿನಲ್ಲಿ ಮೀನುಗಾರಿಕೆಗೆ ಹೋಗುವವನು. ಅವನ ಉಸಿರು ಎಂದರೆ ಉಸಿರು. ಮೂವತ್ತು ಸೆಕೆಂಡಿನ ರೈಡು ಮುಗಿಸಿ ಬಂದು, ಅದೇ ಉಸಿರಿನ ಉಳಿಕೆಯಲ್ಲಿ ಎದುರಾಳಿಗೆ ಒಂದು ಬೈಗುಳ ಬೈಯುವಷ್ಟು ದಮ್ಮು. ಜನರಿಲ್ಲದ ಹಾಲಿನಲ್ಲಿ ನಾನು ಮೊದಲ ಸಲ ಕಬಡ್ಡಿಯನ್ನು ಪೂರ್ತಿಯಾಗಿ ಕೇಳುತ್ತಿದ್ದೆ. ಮ್ಯಾಟಿನ ಮೇಲೆ ಕಾಲು ಉಜ್ಜುವುದು, ಎಂಜಲು ನುಂಗುವುದು, ಎಲ್ಲ.

ಅವನ ಉಸಿರು ಅರ್ಧದಲ್ಲಿ ಕಡಿಯಿತು.

ದಣಿದವನ ಉಸಿರು ಮೊದಲು ತೆಳ್ಳಗಾಗುತ್ತದೆ, ಆಮೇಲೆ ಕಡಿಯುತ್ತದೆ. ಇದು ಹಾಗಲ್ಲ. ದಪ್ಪಗೆ ಇದ್ದಾಗಲೇ ನಿಂತಿತು. ನಿಂತ ಜಾಗದಲ್ಲಿ, ಎದೆಯ ಒಳಗೆ, ಒಣ ಸೋಗೆ ತುಳಿದಂಥ ಒಂದು ಸಣ್ಣ ಸದ್ದು. ಇಪ್ಪತ್ತೆಂಟು ವರ್ಷದಲ್ಲಿ ಆ ಸದ್ದನ್ನು ನಾನು ಯಾವ ಎದೆಯಲ್ಲೂ ಕೇಳಿರಲಿಲ್ಲ. ಹೆಬ್ಬೆರಳು ಒತ್ತಿದೆ. ಔಟ್. ಅವನು ನನ್ನ ಮುಖ ನೋಡಿ ಹೊರಗೆ ಹೋದ.

ಆಟ ಮುಗಿದ ಮೇಲೆ ಡಾಕ್ಟರ್ ಮೇಜಿನ ಎದುರಿನಿಂದಲೇ ನಡೆದುಹೋದೆ. ಹೇಳಲಿಲ್ಲ. ಹಿಂದಿನ ದಿನದ ಅವನ ರಿಪೋರ್ಟ್ ನೆಗೆಟಿವ್ ಇತ್ತು. ಕಾಗದವನ್ನು ನಂಬಿದೆ, ಕಿವಿಯನ್ನು ನಂಬಲಿಲ್ಲ. ಎರಡು ದಿನಕ್ಕೆ ಅವನ ತಂಡದ ಸೆಮಿಫೈನಲ್. ನಾನು ಬಾಯಿ ಬಿಟ್ಟರೆ ಅವನನ್ನು ಕೂಡಿಹಾಕುತ್ತಾರೆ, ಅಂಪೈರ್ ಪಕ್ಷಪಾತಿ ಎನ್ನುತ್ತಾರೆ. ಅಂಪೈರ್ ಆದವನು ಪಾಯಿಂಟ್ ಕೊಡಬೇಕು, ಕತೆ ಹೇಳಬಾರದು ಎಂದು ನಾನೇ ಹೊಸಬರಿಗೆ ಪಾಠ ಮಾಡಿದವನು. ಊರ ಉಸಾಬರಿ ನನಗ್ಯಾಕೆ ಎಂದುಕೊಂಡು ಊಟಕ್ಕೆ ಹೋದೆ. ಅವತ್ತು ಬಂಗಡೆ ಸಾರು. ಎರಡು ಸಲ ಹಾಕಿಸಿಕೊಂಡೆ.

ಅದಾಗಿ ನಾಲ್ಕನೆಯ ದಿನ ಬೆಳಿಗ್ಗೆ ಲಾಡ್ಜಿನ ಮೆಟ್ಟಿಲು ಹತ್ತುತ್ತ ಅರ್ಧದಲ್ಲಿ ನಿಂತೆ. ಕಾಲು ಸರಿ ಇತ್ತು. ಗಾಳಿ ಸಾಲಲಿಲ್ಲ. ಸಂಜೆಗೆ ಮೈ ಸುಡತೊಡಗಿತು. ರಿಪೋರ್ಟ್ ಬಂತು, ಪಾಸಿಟಿವ್. ನಾಗೇಂದ್ರನೂ ಪಾಸಿಟಿವ್. ಅವನ ತಂಡದಲ್ಲಿ ಇನ್ನೂ ನಾಲ್ವರು. ಸೆಮಿಫೈನಲ್ ಆಡಿಯೇ ಬಂದಿದ್ದರು.

ಸೀಸನ್ ಅಲ್ಲಿಗೆ ನಿಂತಿತು.

ಆಸ್ಪತ್ರೆಯಲ್ಲಿ ನನಗೂ ನಾಗೇಂದ್ರನಿಗೂ ನಡುವೆ ಒಂದು ಹಸಿರು ಪರದೆ. ನನಗೆ ಸ್ಯಾಚುರೇಶನ್ ಎಂಬತ್ತೆಂಟು, ಮೂಗಿಗೆ ಆಕ್ಸಿಜನ್. ಅವನಿಗೆ ಎಷ್ಟು ಎಂದು ಯಾರೂ ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ, ನನಗೆ ಕೇಳುತ್ತಿತ್ತು. ಮಲಗಿದಲ್ಲಿಂದ ನಾನು ಅವನ ಉಸಿರು ಎಣಿಸುತ್ತಿದ್ದೆ. ಬೇಡ ಎಂದರೂ ಎಣಿಕೆ ನಿಲ್ಲುತ್ತಿರಲಿಲ್ಲ. ಒಂದು ಮಧ್ಯಾಹ್ನ ವಾರ್ಡಿನ ಡಾಕ್ಟರ್ ಬಂದು ಅವನಿಗೆ ಹೇಳಿದರು, "ಒಂದೇ ಉಸಿರಲ್ಲಿ ಒಂದರಿಂದ ಎಣಿಸಿ ನೋಡುವ. ಎಲ್ಲಿವರೆಗೆ ಆಗ್ತದೋ ಅಲ್ಲಿವರೆಗೆ."

ಅವನು ಶುರು ಮಾಡಿದ.

ನಾಲ್ಕಕ್ಕೆ ನಿಂತ.

ಪರದೆಯ ಈಚೆ ನನ್ನ ಹೆಬ್ಬೆರಳು ಹಾಸಿಗೆಯ ಅಂಚನ್ನು ತಾನಾಗಿ ಒತ್ತಿತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಆದರೆ ಒತ್ತಿದ್ದು ನಿಜ.

ಮರುದಿನ ಅವನನ್ನು ಉಡುಪಿಯ ಕಡೆಗೆ ಒಯ್ದರು. ನಮ್ಮ ಜಿಲ್ಲೆಯವರಿಗೆ ರೋಗ ಜೋರಾದರೆ ದಾರಿ ತೆಂಕಣಕ್ಕೇ. ಸ್ಟ್ರೆಚರ್ ನನ್ನ ಮಂಚದ ಹತ್ತಿರ ಬಂದಾಗ ಮಾಸ್ಕಿನ ಒಳಗಿಂದ "ಬರ್ತೆ ಮಾಸ್ತರೆ" ಎಂದ. ಎರಡು ಶಬ್ದಕ್ಕೆ ಎರಡು ಉಸಿರು ಬೇಕಾಯಿತು. ಆಗಲಾದರೂ ಹೇಳಬಹುದಿತ್ತು, ನಾಗೇಂದ್ರ, ನಾನು ಮೊದಲೇ ಕೇಳಿದ್ದೆ ಎಂದು. "ಧೈರ್ಯ ತಕ್ಕೊ" ಎಂದೆ. ಎಲ್ಲರೂ ಹೇಳುವ ಮಾತು.

ಆಮೇಲೆ ದಿನವೂ ಫೋನಿನಲ್ಲಿ ಶಾರದೆಯ ಹತ್ತಿರ ಅವನ ಸುದ್ದಿ ಕೇಳುತ್ತಿದ್ದೆ. "ಹುಷಾರಾಗ್ತಾ ಇದ್ನಂತೆ" ಎನ್ನುತ್ತಿದ್ದಳು. ಮೂರನೆಯ ದಿನವೂ ಅದನ್ನೇ ಹೇಳಲು ಹೊರಟಳು. "ಹುಷಾರಾ" ಎಂಬಲ್ಲಿ ಅವಳ ಉಸಿರು ಕಡಿಯಿತು.

ಮುಂದೆ ನಾನು ಕೇಳಲಿಲ್ಲ.

ಹನ್ನೊಂದು ದಿನಕ್ಕೆ ಮನೆಗೆ ಬಂದೆ. ಉಸಿರೆಳೆದು ಎಬ್ಬಿಸಬೇಕಾದ ಮೂರು ಚೆಂಡಿನ ಸ್ಪೈರೋಮೀಟರ್ ಕೊಟ್ಟು ಕಳಿಸಿದ್ದರು. ಒಂದು ಚೆಂಡು ಏಳುತ್ತಿತ್ತು, ಉಳಿದೆರಡು ಅಲುಗುತ್ತಿರಲಿಲ್ಲ. ಬಚ್ಚಲಿಗೆ ಹೋಗಿಬರುವುದೇ ನನ್ನ ದಿನದ ದೊಡ್ಡ ರೈಡು ಎಂದು ಶಾರದೆ ತಮಾಷೆ ಮಾಡುತ್ತಿದ್ದಳು. ನಾಲ್ಕು ತಿಂಗಳು ಗಂಜಿ ಬೇಯಿಸಿ, ಬೆನ್ನು ತಟ್ಟಿ, ಬೈದು ನನ್ನನ್ನು ಎಬ್ಬಿಸಿ ನಡೆಸಿದವಳು ಅವಳು. ಮೈ ಹೀಗೆ ದಾರಿಗೆ ಬಂತು. ಕಿವಿ ಬರಲಿಲ್ಲ. ಬಸ್ಸಿನಲ್ಲಿ ಪಕ್ಕದವರು ನಿದ್ದೆಹೋದರೆ ಅವರ ಉಸಿರು ಎಣಿಸುತ್ತೇನೆ. ಯಾರಾದರೂ ಗಂಟಲು ಸರಿಮಾಡಿಕೊಂಡರೆ ನನ್ನ ಎದೆ ಹೊಡೆದುಕೊಳ್ಳುತ್ತದೆ. ಮಲಗಿದ ಶಾರದೆಯ ಉಸಿರನ್ನೂ ಬಿಟ್ಟಿಲ್ಲ. "ನಂಗೆ ಪಾಯಿಂಟ್ ಕೊಡುದು ಬಿಟ್ಟು ನಿದ್ರೆ ಮಾಡ್ರಿ" ಎಂದು ಆ ಕಡೆ ಹೊರಳುತ್ತಾಳೆ.

ಒಂದು ದಿನ ತಡೆಯಲಾರದೆ ಲೀಗ್‌ನ ಆ ಡಾಕ್ಟರಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ನಾನು ಅವತ್ತೇ ಹೇಳಿದ್ದರೆ ಅವನು ಉಳಿಯುತ್ತಿದ್ದನೇ ಎಂದು ಕೇಳಿದೆ. "ಅವನನ್ನು ಬೇರೆ ಇಡುತ್ತಿದ್ದೆ ಸರ್, ಮತ್ತೆ ಟೆಸ್ಟ್ ಮಾಡಿಸುತ್ತಿದ್ದೆ. ಸೆಮಿಫೈನಲ್ ಆಡಿಸುತ್ತಿರಲಿಲ್ಲ. ಉಳಿಯುತ್ತಿದ್ದನಾ ಅಂದರೆ ನನಗೆ ಗೊತ್ತಿಲ್ಲ," ಎಂದರು. ಹೌದು ಎಂದಿದ್ದರೂ ಇಲ್ಲ ಎಂದಿದ್ದರೂ ಇದಕ್ಕಿಂತ ಹಗುರ ಆಗುತ್ತಿತ್ತೇನೋ.

ಹೋದ ವಾರ ಬೆಳಕೆಗೆ ಹೋದೆ. ನಾಗೇಂದ್ರನ ತಾಯಿ ಮಾದೇವಮ್ಮ ಮೀನು ಮಾರಿ ಆಗಷ್ಟೇ ಬಂದಿದ್ದರು. "ಬನ್ನಿ ಮಾಸ್ತರೆ, ಕೂತ್ಕಣಿ" ಎಂದು ಕುರ್ಚಿ ಹಾಕಿದರು. ಚಹಾ ಮಾಡಿ ತಂದರು. ದಾರಿಯುದ್ದಕ್ಕೂ ಜೋಡಿಸಿಕೊಂಡ ಮಾತೆಲ್ಲ ಮರೆತುಹೋಗಿತ್ತು. ಅವನ ಎದೆಯಲ್ಲಿ ಆ ಸದ್ದು ಕೇಳಿದೆ, ಡಾಕ್ಟರಿಗೆ ಹೇಳಲಿಲ್ಲ, ತಪ್ಪಾಯಿತು. ಇಷ್ಟೇ ಹೇಳಿದೆ.

ಅವರು ಸೆರಗಿನಿಂದ ಮುಖ ಒರೆಸಿಕೊಂಡರು. "ಅವತ್ತು ಫೋನ್ ಮಾಡಿ ನಿಮ್ಗೆ ಒಂದೇ ಸಮ ಬೈದ ಮಾಸ್ತರೆ. ಉಸಿರು ಕಡ್ದಿರ್ಲಿಲ್ಲ, ಮಾಸ್ತರು ಮೋಸ ಮಾಡ್ರು ಹೇಳಿ. ನೀವು ಖರೇ ಹೇಳಿ, ಅವನ ಉಸಿರು ಕಡ್ದಿತ್ತಾ?"

"ಕಡ್ದಿತ್ತು."

"ದೇವರಾಣೆಗೂ?"

"ದೇವರಾಣೆಗೂ ಕಡ್ದಿತ್ತು."

"ಆತು. ಹಂಗಾರೆ ನೀವು ಮೋಸ ಮಾಡ್ಲಿಲ್ಲ. ಅದೊಂದು ನನ್ನ ಮನಸ್ಸಲ್ಲಿ ಕೂತ್ಕಂಡಿತ್ತು."

ನಾನು ಬೇಡಲು ಹೋದದ್ದು ಬೇರೆ ತಪ್ಪಿಗೆ ಕ್ಷಮೆ. ಸಿಕ್ಕಿದ್ದು ನಾನು ಮಾಡದ ತಪ್ಪಿಗೆ. ಅವರಿಗೆ ಅರ್ಥವಾಗಿಲ್ಲವೇನೋ ಎಂದು ಮತ್ತೆ ಬಿಡಿಸಿ ಹೇಳಹೊರಟೆ. "ಅದಲ್ಲ ಅಮ್ಮ, ಆ ಸದ್ದು ಕೇಳಿದ ಕೂಡಲೇ ನಾನು..."

"ತಿಳೀತು ಮಾಸ್ತರೆ," ಎಂದು ತಡೆದರು. "ನಂಗೂ ಕೇಳಿತ್ತು. ಬೈತಾ ಬೈತಾ ಫೋನಲ್ಲೇ ಕೆಮ್ಮಿದ. ಫ್ಯಾನಿನ ಅಡಿಗೆ ಮಲಗ್ಬೇಡ ಹೇಳಿ, ಫೋನ್ ಇಟ್ಟುಬಿಟ್ಟೆ."

ಅವರು ನನ್ನ ಲೋಟಕ್ಕೆ ಇನ್ನಷ್ಟು ಚಹಾ ಹಾಕಿದರು. ನಾನು ಬೇಡ ಎನ್ನಲಿಲ್ಲ.